ಬೆಳಕಿನ ಪೆನ್ನಿಗೆ ಬಣ್ಣ ಬಂದ ಬಗೆ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ಕಡಲೆಕಾಯಿಯನ್ನಷ್ಟೇ ಕೊಂಡು ಮನೆಗೆ ಮರಳುವುದು ಅಪರೂಪ. ಈಚೆಗೆ ಒಂದು ಪರಿಷೆಯ ಸಂಜೆ ಮೊಮ್ಮಗನ ಕೈಹಿಡಿದು ಜನಸಂದಣಿಯಲ್ಲಿ ನುಸುಳುತ್ತಿದ್ದಾಗ, ಆಟಿಕೆ ಮಾರುವವನೊಬ್ಬನು ಎದುರುಮನೆಯ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳನ್ನು ಕುಣಿಸುತ್ತಿದ್ದುದು ಕಣ್ಣಿಗೆ ಬಿತ್ತು. ಪೆನ್ನಿನಂಥ ಪುಟ್ಟ ಕೊಳವೆ. ಗುಂಡಿ ಒತ್ತಿದರೆ ಕೆಂಪು ಚುಕ್ಕೆ. ಇನ್ನೊಂದು ಪೆನ್ನಿನಿಂದ ಹಸಿರು, ಮತ್ತೊಂದರಿಂದ ನೇರಳೆ. ಕೆಂಪಿಗಿಂತ ಹಸಿರಿಗೆ ಅವನು ಬಹಳ ಹೆಚ್ಚು ಬೆಲೆ ಹೇಳಿದ. "ಹಸಿರಿಗೇಕಪ್ಪ ಇಷ್ಟು ದುಬಾರಿ?" ಎಂದರೆ, "ಅದು ದೂರ ಹೋಗ್ತದೆ ಸಾರ್" ಎಂಬ ಉತ್ತರ ಬಂತು. ಮೊಮ್ಮಗನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. "ತಾತ, ಒಳಗೆ ಹಸಿರು ಗಾಜು ಇಟ್ಟಿರ್ತಾರಾ?" ಎಂದ.

ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಅರ್ಧ ಶತಮಾನಕ್ಕೂ ಮಿಗಿಲಾದ ಚರಿತ್ರೆಯೊಂದನ್ನು ಬಿಚ್ಚಬೇಕಾಗುತ್ತದೆ. ಪರಿಷೆಯ ಗದ್ದಲದಲ್ಲಿ ಅದು ಆಗದ ಕೆಲಸ. ಅಲ್ಲಿ ಬಾಕಿ ಉಳಿದ ಉತ್ತರವನ್ನು ಇಲ್ಲಿ ತೀರಿಸುವ ಪ್ರಯತ್ನ ಮಾಡಿದ್ದೇನೆ.

ನನ್ನ ವಯಸ್ಸಿನವರಿಗೆ ಬಣ್ಣದ ಬೆಳಕು ಎಂದೊಡನೆ ನೆನಪಾಗುವುದು ಕಂಪನಿ ನಾಟಕ. ರಂಗದ ಪಕ್ಕದಲ್ಲಿ ಪ್ರಖರವಾದೊಂದು ದೀಪ. ಅದರ ಮುಂದೆ ಬಣ್ಣಬಣ್ಣದ ಹಾಳೆಗಳನ್ನು ಕೂಡಿಸಿದ ಚಕ್ರ. ಚಕ್ರ ತಿರುಗಿದಂತೆ ರಂಗದ ಮೇಲಿನ ಅಪ್ಸರೆ ಒಮ್ಮೆ ಕೆಂಪಾಗುವಳು, ಒಮ್ಮೆ ಹಸಿರಾಗುವಳು. ಇಲ್ಲಿ ಬಣ್ಣದ ಹಾಳೆ ಹೊಸ ಬೆಳಕನ್ನೇನೂ ಹುಟ್ಟಿಸುವುದಿಲ್ಲ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಹಸಿರು ಹಾಳೆ ಹಸಿರನ್ನು ಮಾತ್ರ ಹೊರಗೆ ಬಿಟ್ಟು ಮಿಕ್ಕದ್ದನ್ನು ನುಂಗಿಹಾಕುತ್ತದೆ, ಅಷ್ಟೆ.

ಲೇಸರು ಪೆನ್ನಿನ ನಡತೆ ಇದಕ್ಕೆ ತೀರ ಬೇರೆ. ಅದರೊಳಗೆ ಬಿಳಿಯ ಬೆಳಕೇ ಇಲ್ಲ. ಕೆಂಪು ಪೆನ್ನಿನ ಮುಂದೆ ಒಳ್ಳೆಯ ಹಸಿರು ಗಾಜನ್ನು ಹಿಡಿದರೆ ಹಸಿರು ಬೆಳಕು ಬರುವುದಿಲ್ಲ, ಚುಕ್ಕೆಯೇ ಮಾಯವಾಗುತ್ತದೆ. ಹಸಿರು ಬೇಕಾದರೆ ಹಸಿರನ್ನೇ ಹಡೆಯುವ ಪದಾರ್ಥ ಬೇಕು. ನೀಲಿಗೆ ನೀಲಿಯನ್ನು ಹಡೆಯುವುದು. ಆದ್ದರಿಂದ ಒಂದೊಂದು ಬಣ್ಣಕ್ಕೂ ಒಂದೊಂದು ಬೇರೆಯ ಹುಡುಕಾಟ ನಡೆಯಬೇಕಾಯಿತು. ಕೆಂಪು ಮೊದಲು ಬಂತು, ಹಸಿರು ವಕ್ರಮಾರ್ಗದಿಂದ ಬಂತು, ನೀಲಿ ಎಲ್ಲರನ್ನೂ ಕಾಯಿಸಿ ಕೊನೆಗೆ ಬಂತು.

ಮೆಟ್ಟಿಲ ಲೆಕ್ಕ

ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಮನಬಂದ ಕಡೆ ನಿಲ್ಲುವಂತಿಲ್ಲ. ಅವುಗಳಿಗೆ ಗೊತ್ತುಪಡಿಸಿದ ಶಕ್ತಿಯ ಮೆಟ್ಟಿಲುಗಳುಂಟು. ಹೊರಗಿನಿಂದ ಶಕ್ತಿ ಕೊಟ್ಟರೆ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಕೆಳಕ್ಕೆ ಇಳಿಯುವಾಗ ಆ ಶಕ್ತಿಯನ್ನು ಬೆಳಕಿನ ಕಣವಾಗಿ ಹಿಂದಿರುಗಿಸಬಲ್ಲುದು. ಇಳಿತ ಸಣ್ಣದಾದರೆ ಕೆಂಪು ಬೆಳಕು, ದೊಡ್ಡದಾದರೆ ನೀಲಿ. ಮೆಟ್ಟಿಲಿನ ಎತ್ತರ ಪದಾರ್ಥದಿಂದ ಪದಾರ್ಥಕ್ಕೆ ಬೇರೆ. ಅದನ್ನು ನಾವು ಆಜ್ಞೆ ಮಾಡಿ ಬದಲಿಸುವಂತಿಲ್ಲ.

ಬೆಳಕಿನ ಬಣ್ಣವನ್ನು ವಿಜ್ಞಾನಿಗಳು ಅಲೆಯುದ್ದದಿಂದ ಗುರುತಿಸುತ್ತಾರೆ. ಅದರ ಅಳತೆಗೋಲು ನ್ಯಾನೊಮೀಟರ್, ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಪರಿಷೆಯ ಅಗ್ಗದ ಕೆಂಪು ಪೆನ್ನಿನ ಬೆಳಕು ಸಾಮಾನ್ಯವಾಗಿ ೬೫೦ರ ಆಸುಪಾಸು, ಹಸಿರು ೫೩೨, ನೇರಳೆ ೪೦೫. ಸಂಖ್ಯೆ ಇಳಿದಷ್ಟೂ ಮೆಟ್ಟಿಲಿನ ಎತ್ತರ ಹೆಚ್ಚು ಎಂದು ತಿಳಿಯತಕ್ಕದ್ದು. ಸುಮಾರು ೭೦೦ನ್ನು ದಾಟಿದ ಮೇಲೆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅದು ಅವಕೆಂಪು. ೪೦೦ರಿಂದ ಕೆಳಗೆ ಅತಿನೇರಳೆ; ಅದೂ ಕಾಣದು.

ಸಾಮಾನ್ಯ ದೀಪದಲ್ಲಿ ಪರಮಾಣುಗಳು ಸಂತೆಯ ಜನರಂತೆ, ತಮ್ಮ ತಮ್ಮ ಪಾಡಿಗೆ ತಾವು ಬೆಳಕನ್ನು ಹೊರಸೂಸುತ್ತವೆ. ಆದರೆ ಮೇಲಿನ ಮೆಟ್ಟಿಲಲ್ಲಿ ಸಿದ್ಧವಾಗಿ ನಿಂತಿರುವ ಎಲೆಕ್ಟ್ರಾನಿನ ಬಳಿ ಸರಿಯಾದ ಬಣ್ಣದ ಬೆಳಕಿನ ಕಣವೊಂದು ಹಾದುಹೋದರೆ, ಅದರ ಪ್ರೇರಣೆಯಿಂದಲೇ ಎಲೆಕ್ಟ್ರಾನು ಕೆಳಗಿಳಿದು ಅಂಥದೇ ಇನ್ನೊಂದು ಕಣವನ್ನು ಕೊಡುತ್ತದೆ ಎಂದು ಐನ್‌ಸ್ಟೈನರು ೧೯೧೭ರಲ್ಲಿ ತೋರಿಸಿಕೊಟ್ಟರು. ಭಜನೆಯಲ್ಲಿ ಒಬ್ಬರು ದನಿ ಎತ್ತಿದೊಡನೆ ಉಳಿದವರು ಅದೇ ಶ್ರುತಿಗೆ, ಅದೇ ತಾಳಕ್ಕೆ ದನಿಗೂಡಿಸುವಂತೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎರಡು ಕನ್ನಡಿಗಳ ನಡುವೆ ಹಿಂದೆ ಮುಂದೆ ಓಡಾಡಿ ಬಲಿತ ಬೆಳಕೇ ಲೇಸರು. ಶ್ರುತಿ ಒಂದೇ ಆದ್ದರಿಂದ ಬಣ್ಣವೂ ಒಂದೇ.

ಮಾಣಿಕ್ಯದ ಕೆಂಪು

ಐನ್‌ಸ್ಟೈನರ ಮಾತು ಕಾರ್ಯರೂಪಕ್ಕೆ ಬರಲು ನಾಲ್ಕು ದಶಕಗಳು ಬೇಕಾದವು. ಚಾರ್ಲ್ಸ್ ಟೌನ್ಸ್ ಅವರು ೧೯೫೪ರಲ್ಲಿ ಅಮೋನಿಯ ಅನಿಲದಿಂದ ಮೈಕ್ರೋವೇವ್ ಅಲೆಗಳನ್ನು ಹೀಗೆ ಬಲಪಡಿಸಿ ತೋರಿಸಿದರು. ಬೆಳಕಿಗೂ ಇದು ಸಾಧ್ಯವೆಂದು ೧೯೫೮ರಲ್ಲಿ ಟೌನ್ಸ್ ಮತ್ತು ಆರ್ಥರ್ ಷಾಲೋ ಲೇಖನ ಬರೆದರು. ಇದಕ್ಕೆ ಒಂದು ವರ್ಷ ಮೊದಲೇ ಗಾರ್ಡನ್ ಗೌಲ್ಡ್ ಎಂಬವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಇಂಥದೇ ಯೋಜನೆಯನ್ನು ಗೀಚಿ, "ಲೇಸರ್" ಎಂಬ ಹೆಸರನ್ನೂ ಇಟ್ಟು, ನೋಟರಿಯಿಂದ ಮುದ್ರೆ ಹಾಕಿಸಿಕೊಂಡಿದ್ದರು. ಹೆಸರೇನೋ ನಿಂತಿತು; ಲೇಸರಿನ ಹಕ್ಕಿನ ಮೊದಲ ಪೇಟೆಂಟು ಅವರ ಕೈಸೇರಿದ್ದು ಮಾತ್ರ ೧೯೭೭ರಲ್ಲಿ, ಇಪ್ಪತ್ತು ವರ್ಷಗಳ ವ್ಯಾಜ್ಯದ ಅನಂತರ.

ಇಷ್ಟೆಲ್ಲ ಪಂಡಿತರ ನಡುವೆ ಮೊದಲ ಲೇಸರನ್ನು ನಿಜವಾಗಿ ಬೆಳಗಿಸಿದವರು ಕ್ಯಾಲಿಫೋರ್ನಿಯದ ಹ್ಯೂಸ್ ಪ್ರಯೋಗಶಾಲೆಯ ಥಿಯೊಡೋರ್ ಮೈಮನ್. ಆಗ ಅವರಿಗೆ ಮೂವತ್ತೆರಡು ವರ್ಷ. ಅವರು ಆರಿಸಿಕೊಂಡ ಪದಾರ್ಥ ಕೃತಕ ಮಾಣಿಕ್ಯ. ಮಾಣಿಕ್ಯದಿಂದ ಇದು ಆಗದು ಎಂಬುದು ಹಲವು ತಜ್ಞರ ಅಭಿಪ್ರಾಯವಾಗಿತ್ತು. ಮೈಮನ್ ತಾವೇ ಅಳತೆ ಮಾಡಿ ನೋಡಿ, ಆ ಅಭಿಪ್ರಾಯದ ಹಿಂದಿನ ಲೆಕ್ಕ ತಪ್ಪೆಂದು ಕಂಡುಕೊಂಡರು. ಸುಮಾರು ಎರಡು ಸೆಂಟಿಮೀಟರ್ ಉದ್ದದ ಮಾಣಿಕ್ಯದ ತುಂಡಿನ ಎರಡು ತುದಿಗೂ ಬೆಳ್ಳಿಯ ಲೇಪ ಕೊಟ್ಟು, ಅದರ ಸುತ್ತ ಸುರುಳಿಯಾಕಾರದ ಫ್ಲಾಷ್ ದೀಪವನ್ನು ಸುತ್ತಿಸಿದರು. ೧೯೬೦ರ ಮೇ ೧೬ರಂದು ಆ ಹರಳಿನಿಂದ ಗಾಢವಾದ ಕೆಂಪು ಬೆಳಕು ಚಿಮ್ಮಿತು. ಅದರ ಅಲೆಯುದ್ದ ೬೯೪ ನ್ಯಾನೊಮೀಟರ್.

ಅಮೆರಿಕದ ಭೌತಶಾಸ್ತ್ರದ ಹೆಸರಾಂತ ಪತ್ರಿಕೆ ಅವರ ಲೇಖನವನ್ನು ಹಿಂದಕ್ಕೆ ಕಳಿಸಿತು. ಅದು ಅದೇ ಆಗಸ್ಟಿನಲ್ಲಿ ಇಂಗ್ಲೆಂಡಿನ "ನೇಚರ್" ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯಾಗಿ ಬೆಳಕು ಕಂಡಿತು. ಇತ್ತ ದಿನಪತ್ರಿಕೆಗಳು ವಿಜ್ಞಾನಿಗಳು ಮೃತ್ಯುಕಿರಣವನ್ನು ಕಂಡುಹಿಡಿದರೆಂದು ದಪ್ಪಕ್ಷರಗಳಲ್ಲಿ ಸಾರಿದವು.

ಮಾಣಿಕ್ಯದ ಲೇಸರು ಮಿಂಚಿನಂತೆ ಒಮ್ಮೆ ಹೊಳೆದು ಆರುತ್ತಿತ್ತು. ಎಡೆಬಿಡದೆ ಉರಿಯುವ ಲೇಸರನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ, ಟೆಹರಾನಿನಲ್ಲಿ ಹುಟ್ಟಿದ ಆಲಿ ಜವಾನ್ ಮತ್ತು ಅವರ ಸಂಗಡಿಗರು ಹೀಲಿಯಮ್ ನಿಯಾನ್ ಅನಿಲಗಳಿಂದ ಮಾಡಿದರು. ಅದರ ಬೆಳಕು ಅವಕೆಂಪು, ಕಣ್ಣಿಗೆ ಕಾಣದು. ೧೯೬೨ರಲ್ಲಿ ಅದೇ ಅನಿಲಗಳಿಂದ ೬೩೩ ನ್ಯಾನೊಮೀಟರಿನ ಸೊಗಸಾದ ಕೆಂಪು ದೊರಕಿತು. ೧೯೭೪ರ ಜೂನ್ ೨೬ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದರ ಮೇಲಿನ ಕಪ್ಪುಗೆರೆಗಳನ್ನು ಓದಿ ಬೆಲೆ ಹೇಳಿದ್ದು ಇದೇ ಬೆಳಕು. ಆದರೆ ಈ ಲೇಸರಿಗೆ ಗಾಜಿನ ಕೊಳವೆ ಬೇಕು, ಸಾವಿರ ವೋಲ್ಟಿಗೂ ಮೇಲಿನ ವಿದ್ಯುತ್ತು ಬೇಕು. ಜೇಬಿಗೆ ಇಳಿಯುವ ವಸ್ತು ಅದಲ್ಲ.

ಜೇಬಿಗೆ ಇಳಿಸಿದ್ದು ಅರೆವಾಹಕ, ಎಂದರೆ ಟ್ರಾನ್ಸಿಸ್ಟರ್ ರೇಡಿಯೋದ ಜಾತಿಯ ವಸ್ತು. ೧೯೬೨ರ ಶರತ್ಕಾಲದಲ್ಲಿ ಅಮೆರಿಕದ ನಾಲ್ಕು ಪ್ರಯೋಗಶಾಲೆಗಳ ನಡುವೆ ಒಂದು ಓಟದ ಪಂದ್ಯವೇ ನಡೆಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಹಾಲ್ ಮೊದಲು ಗುರಿ ಮುಟ್ಟಿದರು. ಅವರ ಗ್ಯಾಲಿಯಮ್ ಆರ್ಸೆನೈಡ್ ಹರಳು ಕೊಟ್ಟದ್ದು ಅವಕೆಂಪು. ಅದೇ ಕಂಪನಿಯ ಇನ್ನೊಂದು ಊರಿನ ಶಾಖೆಯಲ್ಲಿದ್ದ ನಿಕ್ ಹೊಲೊನ್ಯಾಕ್ ಅವರಿಗೆ ಕಾಣದ ಬೆಳಕಿನಲ್ಲಿ ತೃಪ್ತಿಯಿರಲಿಲ್ಲ. ಕಲ್ಲಿದ್ದಲ ಗಣಿಯ ಕಾರ್ಮಿಕನ ಮಗನಾದ ಅವರು ಆರ್ಸೆನಿಕ್‌ನಲ್ಲಿ ಒಂದಿಷ್ಟನ್ನು ತೆಗೆದು ಅದರ ಜಾಗಕ್ಕೆ ರಂಜಕವನ್ನು ಬೆರೆಸಿದರು. ರಂಜಕ ಸೇರಿದಂತೆ ಮೆಟ್ಟಿಲಿನ ಎತ್ತರ ಏರುತ್ತದೆ. ಅದೇ ಅಕ್ಟೋಬರಿನಲ್ಲಿ ಕಣ್ಣಿಗೆ ಕಾಣುವ ಕೆಂಪು ಮೂಡಿತು. ಸಾರಿಗೆ ಹುಳಿ ಹದ ಮಾಡುವಂತೆ ಮಿಶ್ರಣದ ಪಾಕವನ್ನು ಬದಲಿಸಿ ಬೆಳಕಿನ ಬಣ್ಣವನ್ನು ಬದಲಿಸಬಹುದೆಂಬ ದೊಡ್ಡ ಪಾಠ ಅಲ್ಲಿ ದೊರಕಿತು.

ಆದರೆ ಆ ಹರಳುಗಳು ದ್ರವರೂಪದ ನೈಟ್ರೋಜನ್ನಿನ ಕೊರೆಯುವ ಚಳಿಯಲ್ಲಿ ಮಾತ್ರ ಕೆಲಸ ಮಾಡುತ್ತಿದ್ದವು. ಬೇರೆ ಬೇರೆ ಅರೆವಾಹಕಗಳ ತೆಳು ಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಎಲೆಕ್ಟ್ರಾನುಗಳನ್ನು ನಡುವಿನ ಪದರದಲ್ಲಿ ಕೂಡಿಹಾಕಿ, ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವಂತೆ ಮಾಡಿದ್ದು ೧೯೭೦ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಜೊರೆಸ್ ಅಲ್ಫೆರೊವ್ ಅವರ ತಂಡ, ಅಮೆರಿಕದಲ್ಲಿ ಹಯಾಷಿ ಮತ್ತು ಪ್ಯಾನಿಷ್, ಕೆಲವೇ ವಾರಗಳ ಅಂತರದಲ್ಲಿ ಇದನ್ನು ಸಾಧಿಸಿದರು. ಅಲ್ಫೆರೊವ್ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ಬಂತು.

ಇಲ್ಲಿಂದ ಮುಂದಿನ ಕಥೆಯಲ್ಲಿ ಸಂಗೀತದ ತಟ್ಟೆಗಳಿಗೂ ಸಿನಿಮಾ ತಟ್ಟೆಗಳಿಗೂ ದೊಡ್ಡ ಪಾಲಿದೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಯಂತ್ರ ಅವಕೆಂಪು ಲೇಸರಿನಿಂದ ತಟ್ಟೆಯನ್ನು ಓದುತ್ತಿತ್ತು. ಮೊನೆ ಸಪೂರಾದ ಲೇಖನಿಯಿಂದ ಒಂದೇ ಹಾಳೆಯಲ್ಲಿ ಹೆಚ್ಚು ಬರೆಯಬಹುದಷ್ಟೆ. ಹಾಗೆಯೇ ಅಲೆಯುದ್ದ ಚಿಕ್ಕದಾದ ಬೆಳಕಿನಿಂದ ತಟ್ಟೆಯಲ್ಲಿ ಹೆಚ್ಚು ತುಂಬಬಹುದು. ೧೯೮೫ರ ಹೊತ್ತಿಗೆ ಜಪಾನಿನ ಕಂಪನಿಗಳು ಅಲ್ಯೂಮಿನಿಯಮ್, ಗ್ಯಾಲಿಯಮ್, ಇಂಡಿಯಮ್, ರಂಜಕ ಈ ನಾಲ್ಕರ ಪಾಕದಿಂದ ಕೆಂಪು ಲೇಸರು ಹರಳನ್ನು ಸಿದ್ಧಪಡಿಸಿದ್ದವು. ೧೯೯೬ರಲ್ಲಿ ಬಂದ ಡಿ.ವಿ.ಡಿ. ೬೫೦ ನ್ಯಾನೊಮೀಟರಿನ ಕೆಂಪನ್ನೇ ನೆಚ್ಚಿಕೊಂಡಿತು. ಕೋಟಿಗಟ್ಟಲೆ ತಯಾರಾಗತೊಡಗಿದ ಮೇಲೆ ಆ ಹರಳು ಅಗ್ಗವಾಯಿತು. ಉಪಾಧ್ಯಾಯರ ಕೈಯ ಬೆತ್ತದ ಬದಲಿಗೆ ಬಂದು ಕುಳಿತ ಕೆಂಪು ಪೆನ್ನು, ಹೀಗೆ ಸಿನಿಮಾ ತಟ್ಟೆಯ ಉಪವಸ್ತು.

ಹಸಿರಿನ ವಕ್ರಮಾರ್ಗ

ಅದೇ ಪಾಕದಲ್ಲಿ ಅಲ್ಯೂಮಿನಿಯಮ್ಮಿನ ಪಾಲನ್ನು ಇನ್ನಷ್ಟು ಹೆಚ್ಚಿಸಿ ಕೆಂಪಿನಿಂದ ಹಸಿರಿಗೆ ಏರಬಾರದೇಕೆ ಎಂದು ವಾಚಕರು ಕೇಳಬಹುದು. ಏರಲು ಹೋದವರು ಸೋತರು. ಒಂದು ಹಂತ ಮೀರಿದರೆ ಆ ಹರಳಿನಲ್ಲಿ ಎಲೆಕ್ಟ್ರಾನುಗಳು ನೇರವಾಗಿ ಇಳಿಯುವ ಹಾದಿಯನ್ನು ಬಿಡುತ್ತವೆ; ಶಕ್ತಿಯೆಲ್ಲ ಬೆಳಕಾಗದೆ ಶಾಖವಾಗಿ ಸೋರಿಹೋಗುತ್ತದೆ. ಎಷ್ಟೋ ವರ್ಷಗಳ ಕಾಲ ಹಸಿರನ್ನು ನೇರವಾಗಿ ಕೊಡುವ ಲೇಸರು ಹರಳು ಯಾರ ಬಳಿಯೂ ಇರಲಿಲ್ಲ. ಆದರೂ ೧೯೯೦ರ ದಶಕ ಮುಗಿಯುವುದರೊಳಗೆ ಹಸಿರು ಪೆನ್ನು ಬಂದೇಬಿಟ್ಟಿತು. ಬಂದದ್ದು ಹೇಗೆ?

ಇದಕ್ಕೆ ಸಂಗೀತದಿಂದ ಒಂದು ಉಪಮಾನ ಕೊಡಬಹುದು. ಮಧ್ಯಸ್ಥಾಯಿಯ ಷಡ್ಜಕ್ಕಿಂತ ತಾರಸ್ಥಾಯಿಯ ಷಡ್ಜದ ಕಂಪನಗಳು ಎರಡರಷ್ಟು. ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಈ ಮೇಲಿನ ಸ್ವರವೂ ನವಿರಾಗಿ ಕೇಳಿಬರುತ್ತದೆ. ಬೆಳಕಿಗೂ ಹೀಗೆ ತಾರಸ್ಥಾಯಿ ಉಂಟೆ? ಕಂಪನ ಇಮ್ಮಡಿಯಾದರೆ ಅಲೆಯುದ್ದ ಅರ್ಧವಾಗುತ್ತದೆ. ಕಾಣದ ಅವಕೆಂಪು ಕಾಣುವ ಹಸಿರಾಗಬಲ್ಲುದು.

ಸಾಧ್ಯವೆಂದು ೧೯೬೧ರಲ್ಲಿ ತೋರಿಸಿದವರು ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕನ್ ಮತ್ತು ಅವರ ಮೂವರು ಸಂಗಡಿಗರು. ಮಾಣಿಕ್ಯದ ೬೯೪ ನ್ಯಾನೊಮೀಟರಿನ ಬೆಳಕನ್ನು ಸ್ಫಟಿಕದ ತುಂಡಿನೊಳಗೆ ಹಾಯಿಸಿದಾಗ, ಅದರೊಡನೆ ೩೪೭ರ ಅತಿನೇರಳೆ ಬೆಳಕು ಅತ್ಯಲ್ಪವಾಗಿ ಹೊರಬಂತು. ಲೇಸರಿನಷ್ಟು ತೀಕ್ಷ್ಣವಾದ ಬೆಳಕಿಲ್ಲದೆ ಇದು ಆಗುವಂತಿರಲಿಲ್ಲ. ಛಾಯಾಚಿತ್ರದ ಫಲಕದ ಮೇಲೆ ಆ ಹೊಸ ಬೆಳಕು ಬಿದ್ದ ಗುರುತು ಒಂದು ಚಿಕ್ಕ ಚುಕ್ಕೆ. ಲೇಖನ ಅಚ್ಚಾಗುವಾಗ ಪತ್ರಿಕೆಯವರು ಆ ಚುಕ್ಕೆಯನ್ನು ಕೊಳೆಯೆಂದು ಭಾವಿಸಿ ಅಳಿಸಿಹಾಕಿದರಂತೆ! ಬಾಣದ ಗುರುತು ಮಾತ್ರ ಉಳಿದು, ಏನೂ ಇಲ್ಲದ ಜಾಗವನ್ನು ತೋರಿಸುತ್ತ ನಿಂತಿತು.

ಬೆಳಕು ಒಂದು ಪದಾರ್ಥವನ್ನು ಹಾದುಬರುವಾಗ ಬಣ್ಣ ಬದಲಿಸಬಲ್ಲುದೆಂಬ ಮಾತು ಬೆಂಗಳೂರಿಗೆ ಹೊಸತಲ್ಲ. ಸರ್ ಸಿ.ವಿ. ರಾಮನ್ನರು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಕಂಡುಕೊಂಡ ತಮ್ಮ ಪರಿಣಾಮವನ್ನು ಮಾರ್ಚಿ ೧೬ರಂದು ವಿವರಿಸಿ ಉಪನ್ಯಾಸವಿತ್ತದ್ದು ಈ ಊರಿನಲ್ಲಿಯೇ. ಅವರ ಪರಿಣಾಮದಲ್ಲಿ ಕಂಪನ ಇಮ್ಮಡಿಯಾಗುವುದಿಲ್ಲ; ಬೆಳಕಿನ ಕಣವು ಅಣುವಿಗೆ ಒಂದಿಷ್ಟು ಶಕ್ತಿಯನ್ನು ಕೊಟ್ಟೋ ಅದರಿಂದ ಪಡೆದೋ ಬೇರೆ ಬಣ್ಣವಾಗುತ್ತದೆ. ೧೯೬೨ರಲ್ಲಿ ಹ್ಯೂಸ್ ಕಂಪನಿಯ ಇಬ್ಬರು ವಿಜ್ಞಾನಿಗಳಿಗೆ ಮಾಣಿಕ್ಯದ ಲೇಸರಿನಲ್ಲಿ ೭೬೭ ನ್ಯಾನೊಮೀಟರಿನ ಅನಿರೀಕ್ಷಿತ ಬೆಳಕು ಕಾಣಿಸಿ ದಿಗಿಲಾಯಿತು. ಯಂತ್ರದಲ್ಲಿದ್ದ ನೈಟ್ರೋಬೆಂಜೀನ್ ದ್ರವದಲ್ಲಿ ರಾಮನ್ ಪರಿಣಾಮವೇ ಲೇಸರಾಗಿ ಬಲಿತಿತ್ತು. ಮೃದಂಗದ ಸ್ವರಸಂಗತಿಯನ್ನು ಶೋಧಿಸಿ ಲೇಖನ ಬರೆದಿದ್ದ ರಾಮನ್ನರು ಆಗ ಬೆಂಗಳೂರಿನಲ್ಲಿದ್ದರು, ೧೯೭೦ರವರೆಗೆ ಬಾಳಿದರು. ಬೆಳಕಿನ ಈ ಹೊಸ ಸಂಗೀತ ಅವರ ಜೀವಿತಕಾಲದಲ್ಲಿಯೇ ಶುರುವಾಗಿತ್ತು.

ಈಗ ಹಸಿರು ಪೆನ್ನಿನ ಒಳಗೆ ಇಣುಕಿ ನೋಡೋಣ. ಮೊದಲಿಗೆ ಒಂದು ಅರೆವಾಹಕ ಹರಳು ೮೦೮ ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಕೊಡುತ್ತದೆ. ಅದು ನಿಯೊಡೈಮಿಯಮ್ ಬೆರೆತ ಎರಡನೆಯ ಹರಳಿನ ಮೇಲೆ ಬಿದ್ದು, ಅಲ್ಲಿಂದ ೧೦೬೪ರ ಲೇಸರು ಹುಟ್ಟುತ್ತದೆ, ಇದೂ ಅವಕೆಂಪೇ. ಮೂರನೆಯದಾಗಿ, ಪೊಟ್ಯಾಸಿಯಮ್ ಟೈಟಾನಿಯಮ್ ಫಾಸ್ಫೇಟಿನ ಹರಳು ಅದನ್ನು ತಾರಸ್ಥಾಯಿಗೆ ಏರಿಸುತ್ತದೆ: ೧೦೬೪ರ ಅರ್ಧ ೫೩೨, ಹಸಿರು. ಕೊನೆಯಲ್ಲಿ, ಹಸಿರಾಗದೆ ಉಳಿದ ಅವಕೆಂಪನ್ನು ತಡೆಹಿಡಿಯಲು ಒಂದು ಶೋಧಕ ಗಾಜು. ಇಷ್ಟೆಲ್ಲವೂ ಅಕ್ಕಿಕಾಳಿನಷ್ಟು ಜಾಗದಲ್ಲಿ ಒಂದಕ್ಕೊಂದು ಅಂಟಿ ನಿಂತಿರಬೇಕು. ಚಳಿ ಹೆಚ್ಚಾದರೆ ಮೊದಲನೆಯ ಹರಳಿನ ಬೆಳಕು ೮೦೮ರಿಂದ ಸರಿದು, ಪೆನ್ನು ಮಂಕಾಗುವುದೂ ಉಂಟು. ಆಟಿಕೆಯವನು ಹೆಚ್ಚು ಬೆಲೆ ಹೇಳಿದ್ದರಲ್ಲಿ ಅನ್ಯಾಯವಿರಲಿಲ್ಲ.

ಹಳದಿ ಪೆನ್ನುಗಳೂ ಹೀಗೆಯೇ ಬಂದವು. ಅದೇ ನಿಯೊಡೈಮಿಯಮ್ ಹರಳು ೧೦೬೪ನ್ನೂ ೧೩೪೨ನ್ನೂ ಕೊಡಬಲ್ಲುದು. ಎರಡರ ಕಂಪನಗಳನ್ನು ಕೂಡಿದರೆ ಸುಮಾರು ೫೯೩ ನ್ಯಾನೊಮೀಟರಿನ ಹೊಂಬಣ್ಣ ಮೂಡುತ್ತದೆ. ಎರಡು ಬಣ್ಣಗಳನ್ನು ಒಟ್ಟಿಗೆ ಹದಗೊಳಿಸುವುದು ಕಷ್ಟ. ಆದ್ದರಿಂದಲೇ ಹಳದಿ ಪೆನ್ನು ಹಸಿರಿಗಿಂತಲೂ ದುಬಾರಿ, ಪರಿಷೆಯಲ್ಲಿ ಕಾಣಸಿಗುವುದೂ ವಿರಳ.

ಕಾಯಿಸಿದ ನೀಲಿ

ನೀಲಿಗೆ ಎತ್ತರದ ಮೆಟ್ಟಿಲು ಬೇಕು. ಗ್ಯಾಲಿಯಮ್ ನೈಟ್ರೈಡ್ ಎಂಬ ಪದಾರ್ಥದಲ್ಲಿ ಅದು ಇದೆಯೆಂದು ಬಹಳ ಹಿಂದೆಯೇ ತಿಳಿದಿತ್ತು. ಆದರೆ ಅದರ ಒಳ್ಳೆಯ ಹರಳನ್ನು ಬೆಳೆಸುವುದು ಯಾರಿಂದಲೂ ಆಗದೆ, ಹೆಚ್ಚಿನವರು ಅದನ್ನು ಕೈಬಿಟ್ಟು ಸತುವಿನ ಸೆಲಿನೈಡಿನ ಬೆನ್ನುಹತ್ತಿದರು. ೧೯೯೧ರಲ್ಲಿ ಅದರಿಂದ ನೀಲಿಹಸಿರು ಲೇಸರು ಹುಟ್ಟಿತು, ಆದರೆ ಅಲ್ಪಾಯುವಾಗಿತ್ತು.

ಕೈಬಿಡದೆ ಉಳಿದವರಲ್ಲಿ ನಗೊಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಅಕಸಾಕಿ ಮತ್ತು ಅವರ ಶಿಷ್ಯ ಅಮಾನೊ ಪ್ರಮುಖರು. ನೀಲಮಣಿಯ ತಳದ ಮೇಲೆ ನೇರವಾಗಿ ಹರಳು ಬೆಳೆಸಿದರೆ ಎರಡಕ್ಕೂ ಹೊಂದಾಣಿಕೆಯಾಗದೆ ಬಿರುಕುಬಿಡುತ್ತಿತ್ತು. ೧೯೮೬ರಲ್ಲಿ ಅವರು ನಡುವೆ ಅಲ್ಯೂಮಿನಿಯಮ್ ನೈಟ್ರೈಡಿನ ತೆಳುವಾದ ಪದರವೊಂದನ್ನು ಹಾಸಿ ಸ್ವಚ್ಛವಾದ ಹರಳನ್ನು ಪಡೆದರು. ೧೯೮೯ರಲ್ಲಿ ಎಲೆಕ್ಟ್ರಾನು ಕಿರಣವನ್ನು ಹಾಯಿಸಿ, ಎಲ್ಲರಿಗೂ ತೊಡಕಾಗಿದ್ದ ಧನ ವಿದ್ಯುತ್ತಿನ ಪದರವನ್ನೂ ಸಾಧಿಸಿದರು.

ಅದೇ ಸಮಯದಲ್ಲಿ ಷಿಕೊಕು ದ್ವೀಪದ ಅನಾನ್ ಎಂಬ ಸಣ್ಣ ಊರಿನ ನಿಚಿಯ ಕಂಪನಿಯಲ್ಲಿ ಷುಜಿ ನಕಮುರ ಎಂಬ ಎಂಜಿನಿಯರು ಒಂಟಿಯಾಗಿ ಇದೇ ಹಾದಿ ಹಿಡಿದಿದ್ದರು. ಹರಳು ಬೆಳೆಸುವ ಯಂತ್ರವನ್ನು ತಮ್ಮ ಕೈಯಾರೆ ಬಿಚ್ಚಿ ಕೂಡಿಸಿ, ಅನಿಲಗಳು ಹರಿಯುವ ಬಗೆಯನ್ನೇ ಬದಲಿಸಿದರು. ೧೯೯೩ರಲ್ಲಿ ಪ್ರಖರವಾದ ನೀಲಿ ದೀಪ ಬಂತು. ೧೯೯೬ರ ಆರಂಭದಲ್ಲಿ ನೇರಳೆಗೆ ಸಮೀಪವಾದ ನೀಲಿಯ ಲೇಸರು ಲೋಕಕ್ಕೆ ತಿಳಿಯಿತು. ಹತ್ತು ವರ್ಷಗಳ ಅನಂತರ ೪೦೫ ನ್ಯಾನೊಮೀಟರಿನ ಅದರ ಸೋದರನನ್ನು ಬ್ಲೂ ರೇ ಸಿನಿಮಾ ತಟ್ಟೆಗಳಲ್ಲಿ ಬಳಸಿದರು. ಪರಿಷೆಯ ನೇರಳೆ ಪೆನ್ನು ಆ ತಟ್ಟೆಯ ಕೂಸು.

ನೀಲಿ ದೀಪದ ಮುಖ್ಯ ಪೇಟೆಂಟಿಗಾಗಿ ನಕಮುರ ಅವರಿಗೆ ದೊರೆತ ಇನಾಮು ಇಪ್ಪತ್ತು ಸಾವಿರ ಯೆನ್. ಅವರು ಕಂಪನಿಯನ್ನು ಬಿಟ್ಟು ನ್ಯಾಯಾಲಯದ ಕಟ್ಟೆ ಹತ್ತಿದರು. ೨೦೦೪ರಲ್ಲಿ ಟೋಕಿಯೊ ನ್ಯಾಯಾಲಯ ಎರಡು ಸಾವಿರ ಕೋಟಿ ಯೆನ್ ಕೊಡತಕ್ಕದ್ದೆಂದು ತೀರ್ಪಿತ್ತಿತು. ಮರುವರ್ಷ ರಾಜಿಯಾಗಿ ಅದು ಸುಮಾರು ಎಂಬತ್ತನಾಲ್ಕು ಕೋಟಿಗೆ ಇಳಿಯಿತು. ೨೦೧೪ರಲ್ಲಿ ಅಕಸಾಕಿ, ಅಮಾನೊ, ನಕಮುರ ಮೂವರಿಗೂ ನೀಲಿ ದೀಪಕ್ಕಾಗಿ ನೊಬೆಲ್ ಬಹುಮಾನ ಸಂದಿತು. ಹಸಿರಿಗೂ ಕೊನೆಗೆ ನೇರಹಾದಿ ಸಿಕ್ಕಿದ್ದು ಈ ನೈಟ್ರೈಡ್ ಹರಳಿನಲ್ಲಿಯೇ: ಇಂಡಿಯಮ್ಮಿನ ಪಾಲನ್ನು ಹೆಚ್ಚಿಸಿ ಜಪಾನು ಮತ್ತು ಜರ್ಮನಿಗಳ ಕಂಪನಿಗಳು ೨೦೦೯ರ ಸುಮಾರಿಗೆ ನೇರ ಹಸಿರು ಲೇಸರನ್ನು ತಂದವು.

ಒಂದು ಸೋಜಿಗವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಮೈಮನ್ನರ ಮಾಣಿಕ್ಯ, ನಗೊಯಾದ ನೀಲಮಣಿ ಎರಡೂ ಒಂದೇ ಖನಿಜ; ನಮ್ಮ ಕಡೆ ಸಾಣೆ ಹಿಡಿಯಲು ಬಳಸುತ್ತ ಬಂದಿರುವ ಕುರುಂದದ ಕಲ್ಲಿನ ಜಾತಿ. ಅದರಲ್ಲಿ ಚಿಟಿಕೆ ಕ್ರೋಮಿಯಮ್ ಬೆರೆತರೆ ಮಾಣಿಕ್ಯ. ಅದಕ್ಕೆ ಇಂಗ್ಲಿಷಿನಲ್ಲಿರುವ ಕೊರಂಡಮ್ ಎಂಬ ಹೆಸರೂ ದಕ್ಷಿಣ ಭಾರತದ ಮಾತಿನಿಂದಲೇ ಹೋದದ್ದು. ಮೊದಲ ಕೆಂಪಿಗೆ ಒಡಲಾದ ಕಲ್ಲೇ ಕೊನೆಯ ನೀಲಿಗೆ ತಳಹಾಸಾಯಿತು.

ಕಾಣದ ಬಣ್ಣ

ಇಷ್ಟು ತಿಳಿದ ಮೇಲೆ ಆಟಿಕೆಯವನ ಮಾತನ್ನು ಇನ್ನೊಮ್ಮೆ ವಿಚಾರಿಸೋಣ. ಹಸಿರು ದೂರ ಹೋಗುತ್ತದೆಂಬುದು ಕಣ್ಣಿನ ಪಕ್ಷಪಾತ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು ೫೫೫ ನ್ಯಾನೊಮೀಟರಿನ ಹಳದಿಹಸಿರಿಗೆ. ಶಕ್ತಿ ಒಂದೇ ಆದರೂ ೬೫೦ರ ಕೆಂಪಿಗಿಂತ ೫೩೨ರ ಹಸಿರು ಸುಮಾರು ಎಂಟು ಪಾಲು ಪ್ರಕಾಶವಾಗಿ ಕಾಣುತ್ತದೆ. ೪೦೫ರ ನೇರಳೆಯಾದರೋ ಕಣ್ಣಿಗೆ ತೀರ ಮಂಕು. ಮಂಕೆಂದು ಅಸಡ್ಡೆ ಮಾಡಿದರೆ ಕೆಟ್ಟಂತೆಯೇ, ಏಕೆಂದರೆ ಮಂಕಾದ ಚುಕ್ಕೆಯ ಹಿಂದೆ ದೊಡ್ಡ ಶಕ್ತಿ ಅಡಗಿರಬಹುದು. ಕಣ್ಣಿನ ಮಸೂರ ಲೇಸರನ್ನು ಸೂಜಿಮೊನೆಯಷ್ಟು ಜಾಗಕ್ಕೆ ಒಟ್ಟುಗೂಡಿಸಿ ಅಕ್ಷಿಪಟದ ಮೇಲೆ ಬೀಳಿಸುತ್ತದೆ. ಸುಟ್ಟ ಅಕ್ಷಿಪಟಕ್ಕೆ ತೇಪೆ ಹಾಕುವ ದರ್ಜಿ ಇನ್ನೂ ಹುಟ್ಟಿಲ್ಲ.

ಹಸಿರು ಪೆನ್ನಿನ ಅಪಾಯ ಇನ್ನೂ ಗೂಢ. ಅದರ ಬಸಿರಿನಲ್ಲಿ ಕಾಣದ ಎರಡು ಬೆಳಕುಗಳಿವೆಯಷ್ಟೆ. ಕೊನೆಯ ಶೋಧಕ ಗಾಜನ್ನು ಹಾಕದೆ ನಾಲ್ಕು ಕಾಸು ಉಳಿಸುವ ತಯಾರಕರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ೨೦೧೦ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಗ್ಗದ ಪೆನ್ನೊಂದರ ಹಸಿರು ಮಂಕಾಗಿದ್ದರೂ ಅದರೊಡನೆ ಅಪಾಯಕರವಾದಷ್ಟು ಅವಕೆಂಪು ಹೊರಬರುತ್ತಿದ್ದುದು ಕಂಡಿತು; ಶೋಧಕವೇ ಅದರಲ್ಲಿರಲಿಲ್ಲ. ಪ್ರಖರವಾದ ಹಸಿರು ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ.

ಪರಿಷೆಯಿಂದ ಮರಳುವಾಗ ಮೊಮ್ಮಗನ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣವಿತ್ತು, ಪೆನ್ನು ಇರಲಿಲ್ಲ. ಅವನ ಮುಖ ಸಪ್ಪಗಾಗಿತ್ತು. ಈಗ ಅವನನ್ನು ಕೂರಿಸಿಕೊಂಡು ಹೇಳಬೇಕಾದ ಉತ್ತರ ನನ್ನಲ್ಲಿ ಸಿದ್ಧವಾಗಿದೆ: ಹೌದು ಮಗು, ಒಳಗೆ ಒಂದು ಗಾಜು ಇರಬೇಕು. ಆದರೆ ಅದು ಹಸಿರನ್ನು ಕೊಡುವುದಕ್ಕಲ್ಲ, ಕಾಣದ ಬಣ್ಣವನ್ನು ತಡೆಯುವುದಕ್ಕೆ. ಆ ಗಾಜು ಇದೆಯೋ ಇಲ್ಲವೋ ಎಂಬುದು ಮಾರುವವನಿಗೂ ತಿಳಿಯದು, ನಮಗೂ ತಿಳಿಯದು. ಆದ್ದರಿಂದಲೇ ತಾತ ಅದನ್ನು ಕೊಡಿಸಲಿಲ್ಲ.